ಮಡಿಲಲ್ಲೇ ಉಳಿದ ಫೈಲು

ಓಹಾಯೋದ ಕೊಲಂಬಸ್‌ನಲ್ಲಿ ನಮ್ಮದು ಗೋಡೆಗೆ ಗೋಡೆ ಅಂಟಿದ ಮನೆ. ಬೆಳಗ್ಗೆ ನಾನು ಕಾಫಿಗೆ ಡಿಕಾಕ್ಷನ್ ಇಳಿಸುವ ಹೊತ್ತಿಗೆ ಪಕ್ಕದ ಮನೆಯವರ ಕೆಮ್ಮು ಶುರುವಾಗುತ್ತದೆ. ಅವರಿಗಿನ್ನೂ ಐವತ್ತು ದಾಟಿಲ್ಲ. ಸಿಗರೇಟು ಮುಟ್ಟಿದವರೂ ಅಲ್ಲ. ಇರಾಕ್‌ನ ಬಲಾದ್ ಸೇನಾ ನೆಲೆಯಲ್ಲಿ ಒಂದು ವರ್ಷ ಇದ್ದು ಬಂದವರು.

ಕಳೆದ ವರ್ಷ ಒಂದು ದಿನ ಅವರ ಕಾರು ಕೆಟ್ಟಿತ್ತು. ಮಾಜಿ ಸೈನಿಕರ ಕ್ಲಿನಿಕ್‌ಗೆ ನಾನೇ ಕರೆದುಕೊಂಡು ಹೋದೆ. ದಾರಿಯಲ್ಲಿ ಮೊದಲ ಸಲ ಬರ್ನ್ ಪಿಟ್ ಬಗ್ಗೆ ಬಾಯಿ ಬಿಟ್ಟರು. ಬರ್ನ್ ಪಿಟ್ ಅಂದ್ರೆ ಬಯಲಲ್ಲಿ ಕಸ ಸುಡುವ ಜಾಗ. ಬಲಾದ್‌ನದ್ದು ಸುಮಾರು 10 ಎಕರೆ. ಪ್ಲಾಸ್ಟಿಕ್, ಬ್ಯಾಟರಿ, ಆಸ್ಪತ್ರೆ ಕಸ ಎಲ್ಲ ಸುರಿದು, ವಿಮಾನದ ಇಂಧನ ಹಾಕಿ ಹಗಲೂ ರಾತ್ರಿ ಸುಡುತ್ತಿದ್ದರಂತೆ. "ಬೆಳಗ್ಗೆ ಮೂಗು ಒರೆಸಿಕೊಂಡ್ರೆ ಟಿಶ್ಯೂ ಕಪ್ಪಾಗ್ತಿತ್ತು, ದಿಂಬಿನ ಮೇಲೆ ಬೂದಿ ಇರ್ತಿತ್ತು" ಅಂದರು. ನಮ್ಮೂರಲ್ಲಿ ಬೀದಿ ಕೊನೆಗೆ ಕಸಕ್ಕೆ ಬೆಂಕಿ ಇಟ್ಟರೆ ಅಮ್ಮ ಓಡಿ ಬಂದು ಕಿಟಕಿ ಮುಚ್ಚುತ್ತಿದ್ದರು. ಇವರು ಎಲ್ಲಿಗೆ ಓಡಬೇಕಿತ್ತು?

ಹಿಂದೊಮ್ಮೆ ಪರಿಹಾರಕ್ಕೆ ಅವರು ಸರ್ಕಾರಕ್ಕೆ ಹಾಕಿದ್ದ ಅರ್ಜಿ ತಿರಸ್ಕಾರವಾಗಿತ್ತು. ಆ ಹೊಗೆಯಿಂದಲೇ ಆಸ್ತಮಾ ಬಂತು ಅನ್ನೋದಕ್ಕೆ ಪುರಾವೆ ಸಾಲದು ಅಂತ. ಹೊಗೆ ಕುಡಿದವರೇ ಪುರಾವೆ ಹುಡುಕಬೇಕು ಅಂದ್ರೆ ಅದು ಯಾವ ನ್ಯಾಯ? 2022ರ ಆಗಸ್ಟ್ 10ರಂದು ಆಗಿನ ಅಧ್ಯಕ್ಷ ಬೈಡನ್ ಸಹಿ ಹಾಕಿದ ಪ್ಯಾಕ್ಟ್ ಕಾಯ್ದೆ ಈ ಭಾರವನ್ನು ಇಳಿಸಿತು. ಅದಕ್ಕೆ ಇದೇ ಓಹಾಯೋದ ಸೈನಿಕ ಹೀತ್ ರಾಬಿನ್ಸನ್ ಅವರ ಹೆಸರಿದೆ. ಅವರು 2020ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಇರಾಕ್‌ನಂಥ ಕಡೆ ಸೇವೆಯಲ್ಲಿ ಇದ್ದವರಿಗೆ ಆಮೇಲೆ ಆಸ್ತಮಾ ಬಂದಿದ್ದರೆ, ಅದು ಸೇವೆಯಿಂದಲೇ ಬಂತು ಅಂತ ಈಗ ಸರ್ಕಾರವೇ ಒಪ್ಪಿಕೊಳ್ಳುತ್ತದೆ. ಹಲವು ಬಗೆಯ ಕ್ಯಾನ್ಸರ್‌ಗಳೂ ಆ ಪಟ್ಟಿಯಲ್ಲಿವೆ.

ಕ್ಲಿನಿಕ್‌ನಲ್ಲಿ ಅವರು ಹಳೇ ಫೈಲನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದು ಕೂತಿದ್ದರು. ಒಳಗೆ ಹೊಗೆಯ ಫೋಟೋಗಳು, ತಿರಸ್ಕಾರದ ಪತ್ರ. ನರ್ಸ್ ಬಂದು ಕೇಳಿದರು, "ಸೇವೆಯಲ್ಲಿದ್ದಾಗ ವಿಷದ ಹೊಗೆ ಉಸಿರಾಡಿದ್ದೀರಿ ಅನ್ಸುತ್ತಾ?" ಇಲ್ಲಿ ಚಿಕಿತ್ಸೆಗೆ ಹೆಸರು ನೋಂದಾಯಿಸಿದ ಮಾಜಿ ಸೈನಿಕರಿಗೆಲ್ಲ ಐದು ವರ್ಷಕ್ಕೊಮ್ಮೆಯಾದರೂ ಮಾಡಬೇಕಾದ ತಪಾಸಣೆ ಅದು, ಹತ್ತು ನಿಮಿಷದ್ದು. ಅವರು "ಹೌದು" ಅಂದರು. ಫೈಲಿನ ದಾರ ಬಿಚ್ಚೋಕೆ ಹೋದರು.

"ಅದು ಈಗ ಬೇಡ, ನೀವೇ ಹೇಳಿ," ಅಂದರು ನರ್ಸ್.

ಮುಂದಿನ ಶನಿವಾರ ಹೊಸ ಅರ್ಜಿ ತುಂಬೋಕೆ ಗಂಡ ಹೆಂಡತಿ ಇಬ್ಬರೂ ನಮ್ಮ ಅಡುಗೆಮನೆ ಮೇಜಿಗೆ ಬಂದರು. ಕೆಮ್ಮು ಯಾವಾಗಿನಿಂದ ಅನ್ನೋ ಕಡೆ ಅವರ ಪೆನ್ನು ನಿಂತಿತು. ಹೆಂಡತಿ ಪೆನ್ನು ತಗೊಂಡು, ಅವರು ಇರಾಕ್‌ನಿಂದ ಮನೆಗೆ ಬಂದ ಮೊದಲ ರಾತ್ರಿಯ ತಾರೀಖು ಬರೆದರು.