ಲಿಗ್ನಿನ್ ಕರಗಿತ್ತು, ಆದ್ರೆ ಹೊರಗೆ ಹೋಗಿರ್ಲಿಲ್ಲ

ಎಂಜೈಮ್ ಸಪ್ಲೈಯರ್‌ಗೆ ನಾನು ಬರೆದ ಒಂದು ಮೇಲ್ ಇನ್ನೂ ನನ್ನ ಸೆಂಟ್ ಫೋಲ್ಡರಲ್ಲಿದೆ, ಡಿಲೀಟ್ ಮಾಡಿಲ್ಲ. ನಿಮ್ಮ ಹೊಸ ಲಾಟ್‌ನ ಆಕ್ಟಿವಿಟಿ ಸರಿಯಿಲ್ಲ, ನಮ್ಮ ಬ್ಯಾಚ್ ಹಾಳಾಯ್ತು ಅಂತ ಮೇಲಿನವರಿಗೆಲ್ಲ ಸಿಸಿ ಹಾಕಿ ಕಳಿಸಿದ್ದು. ಎಂಜೈಮ್ ಸರಿಯಾಗೇ ಇತ್ತು. ಬ್ಯಾಚ್ ಹಾಳು ಮಾಡಿದ್ದು ನಾನು, ಅದೂ ಕುಕಿಂಗಲ್ಲಲ್ಲ, ಕುಕಿಂಗ್ ಚೆನ್ನಾಗೇ ಆಗಿತ್ತು, ಆಮೇಲಿನ ಅರ್ಧ ಗಂಟೆ ವಾಶಲ್ಲಿ.

ನಾವು ಮಾಡೋದು ಆರ್ಗನೊಸಾಲ್ವ್, ಅಂದ್ರೆ ಗಿಡದ ನಾರನ್ನ ಅಂಟಿನ ಹಾಗೆ ಹಿಡಿದಿರೋ ಲಿಗ್ನಿನ್ನನ್ನ ಆಲ್ಕೊಹಾಲಂಥ ಸಾಲ್ವೆಂಟಲ್ಲಿ ಕರಗಿಸಿ ತೆಗೆಯೋದು, ಉಳಿದ ಸೆಲ್ಯುಲೋಸನ್ನ ಎಂಜೈಮ್ ಒಡೆದು ಗ್ಲೂಕೋಸ್ ಮಾಡತ್ತೆ. ಬಗಾಸನ್ನ, ಅಂದ್ರೆ ಕಬ್ಬು ಹಿಂಡಿ ಉಳಿದ ಸಿಪ್ಪೆನ, 60% ಎಥನಾಲ್-ನೀರಿಗೆ ಹಾಕಿ, ಸ್ವಲ್ಪ ಸಲ್ಫ್ಯೂರಿಕ್ ಆಸಿಡ್ ಸೇರಿಸಿ, 180 ಡಿಗ್ರಿಲಿ ಒಂದು ಗಂಟೆ ಬೇಯಿಸ್ತೀವಿ. ಎಥನಾಲ್ ಕುದಿಯೋದೇ 78 ಡಿಗ್ರಿಗೆ, ಹಂಗಾಗಿ 180 ಮುಟ್ಟೋ ಹೊತ್ತಿಗೆ ಒಳಗೆ ಪ್ರೆಶರ್ 15 ಬಾರ್ ದಾಟಿರತ್ತೆ. ಆ ಬಿಸಿಗೂ ಆಸಿಡ್‌ಗೂ ಲಿಗ್ನಿನ್‌ನ ಈಥರ್ ಬಂಧಗಳು ಕಡಿದು ಸಣ್ಣ ತುಂಡುಗಳಾಗಿ ಎಥನಾಲಲ್ಲಿ ಕರಗತ್ತೆ, ಹೆಮಿಸೆಲ್ಯುಲೋಸ್ (ಗಿಡದಲ್ಲಿರೋ ಇನ್ನೊಂದು ಸಕ್ಕರೆ ಸರಪಳಿ) ಬಹುಪಾಲು ಲಿಕ್ಕರ್‌ಗೆ, ಅಂದ್ರೆ ಬೇಯಿಸಿದ ದ್ರವಕ್ಕೆ, ಇಳಿಯತ್ತೆ, ನಾರಾಗಿ ಉಳಿಯೋದು ಸೆಲ್ಯುಲೋಸ್. ಫಿಲ್ಟರ್ ಮಾಡಿ ನಾರನ್ನ ತೊಳೆದು ಎಂಜೈಮ್‌ಗೆ ಕೊಡೋದು, ಲಿಕ್ಕರ್‌ಗೆ ಮೂರು ಪಟ್ಟು ನೀರು ಸುರಿದು ಲಿಗ್ನಿನ್ ಕೆಳಗೆ ಬೀಳಿಸೋದು, ಎಥನಾಲನ್ನ ಬಟ್ಟಿ ಇಳಿಸೋ ಕಾಲಮ್‌ಗೆ ವಾಪಸ್ ಕಳಿಸೋದು. ನೀರು ಸುರಿದ್ರೆ ಲಿಗ್ನಿನ್ ಬೀಳತ್ತೆ ಅನ್ನೋದನ್ನ ನೆನಪಿಟ್ಕೊಳ್ಳಿ, ನಾನು ಅವತ್ತು ಮರೆತಿದ್ದು ಅದನ್ನೇ.

ಲ್ಯಾಬಲ್ಲಿ ಒಂದು ಲೀಟರ್ ರಿಯಾಕ್ಟರಲ್ಲಿ ಮಾಡ್ವಾಗ ನಾರನ್ನ ಮೊದಲು ಬಿಸಿ 60% ಎಥನಾಲಲ್ಲಿ ಮೂರು ಸಲ ತೊಳೆದು ಆಮೇಲೆ ನೀರಲ್ಲಿ ತೊಳೀತಿದ್ವಿ. ಯಾಕೆ ಅಂತ ಯಾರೂ ಕೇಳ್ತಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ, ಹಿಂದಿನವರು ಮಾಡ್ತಿದ್ರು ನಾವೂ ಮಾಡ್ತಿದ್ವಿ. 50 ಲೀಟರ್‌ಗೆ ಹೋದಾಗ ಎಸ್‌ಒಪಿಲಿ (ಕೆಲಸದ ಕ್ರಮ ಬರೆದಿಟ್ಟ ಹಾಳೆ) ‘ಕೇಕ್ ವಾಶ್ ಮಾಡಿ’ ಅಂತ ಮೂರೇ ಪದ ಇತ್ತು, ಕೇಕ್ ಅಂದ್ರೆ ಫಿಲ್ಟರಲ್ಲಿ ಉಳಿಯೋ ನಾರಿನ ಪದರ. ಅದೇ ತಿಂಗಳು ಮ್ಯಾನೇಜ್ಮೆಂಟ್‌ನವರು ಕೆಜಿ ಬಯೋಮಾಸ್‌ಗೆ ಎಷ್ಟು ಎಥನಾಲ್ ಖರ್ಚು ಅಂತ ಡ್ಯಾಶ್‌ಬೋರ್ಡಲ್ಲಿ ಹಾಕೋಕೆ ಶುರು ಮಾಡಿದ್ರು. ತಪ್ಪಲ್ಲ ಅದು, ಸಾಲ್ವೆಂಟ್ ರಿಕವರಿ ಸರಿಯಾಗದಿದ್ರೆ ಈ ಇಡೀ ಪ್ರೋಸೆಸ್ಸೇ ನಿಲ್ಲಲ್ಲ ಅನ್ನೋದು ನಿಜ. ಆದ್ರೆ ನಮ್ಮ ಕಾಲಮ್ ಮೊದಲೇ ಚಿಕ್ಕದು, ಹಿಂದಿನ ಎರಡು ಬ್ಯಾಚ್ ಲಿಕ್ಕರ್ ಇನ್ನೂ ಟ್ಯಾಂಕಲ್ಲೇ ಕೂತಿತ್ತು, ದೊಡ್ಡ ಕಾಲಮ್ ಕೇಳಿದ್ರೆ ಮುಂದಿನ ವರ್ಷ ನೋಡೋಣ ಅಂತಾರೆ, ಈ ವರ್ಷದ ನಂಬರ್ ಮಾತ್ರ ಈಗ್ಲೇ ಕಮ್ಮಿ ಆಗ್ಬೇಕು.

ಸರಿ, ಅವತ್ತು ರಾತ್ರಿ ಶಿಫ್ಟ್ ಮುಗಿಯೋಕೆ ಒಂದೂವರೆ ಗಂಟೆ ಇತ್ತು. ರಿಯಾಕ್ಟರ್ ತಣ್ಣಗಾಗಿ 40 ಡಿಗ್ರಿಗೆ ಬಂದಿತ್ತು, ಸ್ಲರಿನ ನಟ್ಷ್ ಫಿಲ್ಟರ್‌ಗೆ (ಮುಚ್ಚಳ ಇರೋ ಪ್ರೆಶರ್ ಫಿಲ್ಟರ್) ಇಳಿಸಿ ಲಿಕ್ಕರ್ ತಳ್ಳೋಕೆ ನೈಟ್ರೋಜನ್ ಪ್ರೆಶರ್ ಕೊಟ್ವಿ, ಲಿಕ್ಕರ್ ಕಪ್ಪಗೆ ಚೆನ್ನಾಗಿ ಬರ್ತಿತ್ತು. ಎಥನಾಲ್ ವಾಶ್ ಬಿಸಿ ಮಾಡೋಕೇ ಮುಕ್ಕಾಲು ಗಂಟೆ ಬೇಕು, ಅದು ಬೇರೆ ಕಾಲಮ್‌ಗೆ ಇನ್ನೊಂದು ಹೊರೆ, ನೇರ ನೀರೇ ಹಾಕೋಣ ಹೆಂಗಿದ್ರೂ ಕೊನೇಲಿ ನೀರಲ್ಲೇ ತಾನೆ ತೊಳಿಯೋದು ಅಂದ್ಕೊಂಡೆ. ಲಿಕ್ಕರ್ ಪೂರ್ತಿ ಬಸಿಯೋಕೂ ಬಿಡದೆ ತಣ್ಣೀರು ಬಿಟ್ಟೆ.

ಎರಡು ನಿಮಿಷದಲ್ಲಿ ಸೈಟ್‌ಗ್ಲಾಸಲ್ಲಿ (ಒಳಗೆ ನೋಡೋ ಗಾಜಿನ ಕಿಂಡಿ) ಕಪ್ಪು ಹೋಗಿ ಕಂದು ಹಾಲಿನ ಹಾಗೆ ಬರೋಕೆ ಶುರುವಾಯ್ತು. ಆಪರೇಟರ್ ನೋಡಿ, "ಸರ್, ಇದು ಕೆಳಗೆ ಪ್ರೆಸಿಪಿಟೇಶನ್ ಟ್ಯಾಂಕಲ್ಲಿ ಆಗತ್ತಲ್ಲ, ಹಂಗೇ ಇದೆ" ಅಂದ್ರು. ನಾನು, ಒಳ್ಳೇದೇ ಅಲ್ವಾ, ಉಳಿದ ಲಿಗ್ನಿನ್ ಹೊರಗೆ ಬರ್ತಿದೆ, ಇನ್ನಷ್ಟು ನೀರು ಬಿಡಿ ಅಂದೆ. ಈ ಮಾತು ನನಗೆ ಇವತ್ತಿಗೂ ಚುಚ್ಚತ್ತೆ. ಅವರು ಕಣ್ಣಾರೆ ಕಂಡದ್ದನ್ನ ಹೇಳಿದ್ರು, ನಾನು ಮಾತ್ರ ನನಗೆ ಬೇಕಾದ ಅರ್ಥ ಹಚ್ಕೊಂಡೆ.

ಆಮೇಲೆ ಫ್ಲೋ ಬಿತ್ತು. ಮೊದಲು ಧಾರೆ, ಆಮೇಲೆ ಹನಿ. ನೈಟ್ರೋಜನ್ 2 ಬಾರ್ ಇದ್ದಿದ್ದನ್ನ 3 ಮಾಡಿದೆ, 4 ಮಾಡಿದೆ, ಹನಿ ಜಾಸ್ತಿ ಆಗ್ಲಿಲ್ಲ. ಗಡಿಯಾರ ನೋಡ್ತಿದ್ದೆ, ಹ್ಯಾಂಡೋವರ್‌ಗೆ ಅರ್ಧ ಗಂಟೆ. ಬಟ್ಟೆ ಕಟ್ಕೊಂಡಿದೆ, ಪ್ರೆಶರ್ ಇಳಿಸಿ ಮುಚ್ಚಳ ತೆಗೆದು ಕೇಕ್ ಕೆದಕಿಬಿಡೋಣ ಅಂತ ವೆಂಟ್ ತೆಗೆದೆ, ಮುಚ್ಚಳದ ಮೊದಲನೇ ಬೋಲ್ಟ್ ಸಡಿಲ ಮಾಡ್ತಿದ್ದಂಗೆ ಪಕ್ಕದ ಗ್ಯಾಸ್ ಡಿಟೆಕ್ಟರ್ ಕೂಗ್ತು. ಎಥನಾಲ್ ಆವಿ ಗಾಳಿಲಿ 3.3% ಆದ್ರೆ ಸಾಕು ಕಿಡಿಗೆ ಹತ್ಕೊಳ್ಳೋಕೆ. ಆಪರೇಟರ್ ನನ್ನ ಕೈಯಿಂದ ಸ್ಪ್ಯಾನರ್ ತಗೊಂಡು ಬೋಲ್ಟ್ ವಾಪಸ್ ಬಿಗಿದು ನೈಟ್ರೋಜನ್ ಪರ್ಜ್ ಹಾಕಿದ್ರು, ಒಂದು ಮಾತೂ ಆಡ್ಲಿಲ್ಲ. ಡಿಟೆಕ್ಟರ್ ಸುಮ್ಮನಾಗೋ ತನಕ ಇಬ್ರೂ ಗೋಡೆ ಹತ್ರ ನಿಂತಿದ್ವಿ, ವೆಂಟ್ ಕಡೆಯಿಂದ, ಬೇಯಿಸುವಾಗ ಸಕ್ಕರೆಯಿಂದ ಹುಟ್ಟೋ ಫರ್ಫ್ಯೂರಲ್‌ನ ಬಾದಾಮಿ ವಾಸನೆ ಬರ್ತಿತ್ತು. ಆ ಮೂರ್ನಾಲ್ಕು ನಿಮಿಷ ನನಗೆ ಬ್ಯಾಚ್ ನೆನಪೇ ಇರ್ಲಿಲ್ಲ.

ಬೆಳಗ್ಗೆ ಶಿಫ್ಟ್‌ನವರು ನಿಧಾನಕ್ಕೆ ಕೇಕ್ ಹೊರಗೆ ತೆಗೆದ್ರು. ಬಣ್ಣ ಸ್ವಲ್ಪ ಕಂದು ಜಾಸ್ತಿ ಇತ್ತು, ದೊಡ್ಡ ರಿಯಾಕ್ಟರಲ್ಲಿ ಹಿಂಗೇ ಇರತ್ತೇನೋ ಅಂತ ಬಿಟ್ಟೆ. ಲಿಕ್ಕರಿಂದ ಸಿಕ್ಕ ಒಣ ಲಿಗ್ನಿನ್ ತೂಕ ಲೆಕ್ಕಕ್ಕಿಂತ ಕಮ್ಮಿ ಬಂತು, ಟ್ಯಾಂಕ್ ಗೋಡೆಗೆ ಅಂಟಿರತ್ತೆ ಅಂತ ಲಾಗ್‌ಬುಕ್ಕಲ್ಲಿ ಬರೆದೆ. ನಾರಲ್ಲಿ ಎಷ್ಟು ಲಿಗ್ನಿನ್ ಉಳಿದಿದೆ ಅಂತ ಹೇಳೋ ಕ್ಲಾಸನ್ ಲಿಗ್ನಿನ್ ರಿಪೋರ್ಟ್ ಬರೋಕೆ ಎರಡು ದಿನ ಬೇಕು, ಅದಕ್ಕೂ ಕಾಯದೆ ಹೈಡ್ರಾಲಿಸಿಸ್‌ಗೆ, ಅಂದ್ರೆ ಎಂಜೈಮಿಂದ ಸೆಲ್ಯುಲೋಸ್ ಒಡೆಯೋಕೆ, ಹಾಕ್ಬಿಟ್ಟೆ, 50 ಡಿಗ್ರಿ, ಪಿಎಚ್ 4.8, 72 ಗಂಟೆ. ಗ್ಲೂಕೋಸ್ ಯೀಲ್ಡ್ ಲ್ಯಾಬಲ್ಲಿ ಶೇಕಡಾ ಎಂಬತ್ತರ ಮೇಲೆ ಬರ್ತಿದ್ದಿದ್ದು ಇಲ್ಲಿ ಐವತ್ತರ ಹತ್ರ ನಿಂತುಹೋಯ್ತು.

ಎಂಜೈಮ್ ಕ್ಯಾನ್ ಅವತ್ತಷ್ಟೇ ಹೊಸದಾಗಿ ಓಪನ್ ಮಾಡಿದ್ದು. ಬೈಯೋಕೆ ಅಷ್ಟು ಸಾಕಾಯ್ತು ನನಗೆ. ಮೇಲ್ ಹೋಯ್ತು. ಡೋಸ್ ಎರಡು ಪಟ್ಟು ಮಾಡಿ ನೋಡಿದೆ, ಸ್ವಲ್ಪ ಏರಿತು. ಯಾರೋ ಹೇಳಿದ್ರು ಅಂತ ಟ್ವೀನ್ 80 ಅನ್ನೋ ಸರ್ಫ್ಯಾಕ್ಟಂಟ್ (ಸೋಪಿನಂಥ ವಸ್ತು) ಹಾಕಿ ನೋಡಿದೆ, ಅದಕ್ಕೂ ಏರಿತು. ಸರ್ಫ್ಯಾಕ್ಟಂಟ್ ಹಾಕಿದ್ರೆ ಏರತ್ತೆ ಅಂದ್ರೆ ಎಂಜೈಮ್ ಲಿಗ್ನಿನ್‌ಗೆ ಅಂಟ್ಕೊಂಡು ಕೆಲಸಕ್ಕೆ ಸಿಗ್ತಿಲ್ಲ ಅಂತ ಅರ್ಥ, ಉತ್ತರ ಅಲ್ಲೇ ಇತ್ತು. ನಾನು ಅದನ್ನ ‘ಎಂಜೈಮ್ ವೀಕ್’ ಅನ್ನೋದಕ್ಕೆ ಇನ್ನೊಂದು ಸಾಕ್ಷಿ ಅಂತ ಸ್ಲೈಡ್‌ಗೆ ಹಾಕಿದೆ. ಎರಡು ವಾರ ಹಿಂಗೇ ಹೋಯ್ತು.

ಕೊನೆಗೆ ಅನಲಿಟಿಕಲ್‌ನ ಮೇಡಂ ಎರಡು ಕೆಲಸ ಮಾಡಿದ್ರು. ಅದೇ ಲಾಟ್ ಎಂಜೈಮನ್ನ ಬರೀ ಅವಿಸೆಲ್ (ಲಿಗ್ನಿನ್ ಇಲ್ಲದ ಶುದ್ಧ ಸೆಲ್ಯುಲೋಸ್ ಪುಡಿ) ಮೇಲೆ ಹಾಕಿದ್ರು, ಹಳೇ ಲಾಟ್‌ಗೂ ಇದಕ್ಕೂ ಏನೂ ವ್ಯತ್ಯಾಸ ಇರ್ಲಿಲ್ಲ. ಆಮೇಲೆ ಫ್ರಿಜ್ಜಲ್ಲಿದ್ದ ನಮ್ಮ ಒದ್ದೆ ಕೇಕಲ್ಲಿ ಒಂದಿಷ್ಟು ತಗೊಂಡು ಬಿಸಿ 60% ಎಥನಾಲಲ್ಲಿ ತೊಳೆದ್ರು. ಕೆಳಗೆ ಇಳಿದಿದ್ದು ಕಪ್ಪು ಡಿಕಾಕ್ಷನ್ ಬಣ್ಣ. ತೊಳೆದ ನಾರನ್ನ ಮತ್ತೆ ಎಂಜೈಮ್‌ಗೆ ಹಾಕಿದ್ರೆ ಯೀಲ್ಡ್ ಎಂಬತ್ತರ ಹತ್ರ ಬಂತು. "ಕುಕಿಂಗಲ್ಲಿ ಲಿಗ್ನಿನ್ ಕರಗಿದೆ, ನೀವೇ ನೀರು ಹಾಕಿ ಅದನ್ನ ನಾರಿನ ಮೇಲೇ ವಾಪಸ್ ಕೂರಿಸಿದ್ದೀರ" ಅಂದ್ರು, ಅಷ್ಟೇ. ಕೇಕ್ ಒಳಗೆ ನಿಂತಿದ್ದ ಲಿಕ್ಕರಲ್ಲಿ ಎಥನಾಲ್ ಪ್ರಮಾಣ ನೀರಿಂದ ಏಕಾಏಕಿ ಇಳಿದು, ಲಿಗ್ನಿನ್ ಅಲ್ಲೇ ಬಿದ್ದು ನಾರಿಗೂ ಫಿಲ್ಟರ್ ಬಟ್ಟೆಗೂ ಮೆತ್ಕೊಂಡಿತ್ತು.

ಕರಗಿಸೋದು ಬೇರೆ, ಹೊರಗೆ ಹಾಕೋದು ಬೇರೆ, ಎರಡೂ ಮುಗಿದ್ರೇನೇ ಎಂಜೈಮ್‌ಗೆ ಮುಂಚಿನ ಈ ಪ್ರಿಟ್ರೀಟ್ಮೆಂಟ್ ಮುಗೀತು ಅಂತ ನನಗೆ ಅಲ್ಲಿವರೆಗೆ ಹೊಳೆದೇ ಇರ್ಲಿಲ್ಲ. ವಾಶ್ ಅಂದ್ರೆ ಪಾತ್ರೆ ತೊಳೆಯೋ ಹಾಗೆ ಕೊನೇ ಕೆಲಸ ಅಂದ್ಕೊಂಡಿದ್ದೆ. ಆಲ್ಕೊಹಾಲಲ್ಲಿ ಮರ ಬೇಯಿಸೋದಕ್ಕೆ 1930ರ ದಶಕದ ಶುರುವಲ್ಲೇ ಪೇಟೆಂಟ್ ಇತ್ತು, ಅಷ್ಟು ಹಳೇ ವಿದ್ಯೆ, ನಮ್ಮ ಲ್ಯಾಬಲ್ಲೂ ಸರಿಯಾದ ಕ್ರಮವೇ ನಡೀತಿತ್ತು, ಕಾರಣ ಬರೆದಿಡದೇ ಇದ್ದಿದ್ದಕ್ಕೆ ಸ್ಕೇಲ್ ಅಪ್ ಆಗ್ವಾಗ ಅದು ಉದುರಿಹೋಯ್ತು.

ಈಗ ಮೊದಲ ವಾಶ್ 60 ಡಿಗ್ರಿಯ 60% ಎಥನಾಲಲ್ಲೇ. ಎರಡನೇ, ಮೂರನೇ ವಾಶಿಂದ ಬಂದಿದ್ದನ್ನ ಎಸೆಯಲ್ಲ, ಕಾಲಮ್‌ಗೂ ಕಳಿಸಲ್ಲ, ಮುಂದಿನ ಬ್ಯಾಚ್‌ನ ಮೊದಲ ವಾಶ್‌ಗೆ ಬಳಸ್ತೀವಿ, ಡ್ಯಾಶ್‌ಬೋರ್ಡ್ ನಂಬರ್ ಇಳಿದಿದ್ದು ಇದ್ರಿಂದ. ಸಪ್ಲೈಯರ್‌ಗೆ ಎರಡನೇ ಮೇಲ್ ಬರೆದೆ, ತಪ್ಪು ನಮ್ಮದು ಅಂತ, ಮೊದಲ ಮೇಲ್‌ಗೆ ಯಾರ್ಯಾರಿಗೆ ಸಿಸಿ ಇತ್ತೋ ಅಷ್ಟೂ ಜನಕ್ಕೆ ಹಾಕಿ.

ಆಪರೇಟರ್ ಹತ್ರ ಹೋಗಿ ಅವತ್ತು ನೀವು ಹೇಳಿದ್ದೇ ಸರಿ ಅಂದೆ. ಅವರು ಜಾಸ್ತಿ ಮಾತಾಡ್ಲಿಲ್ಲ. ಮುಂದಿನ ಬ್ಯಾಚಿಂದ ಫಿಲ್ಟರ್ ಪಕ್ಕ ಒಂದು ಬೀಕರಲ್ಲಿ ನೀರು ಇಡೋಕೆ ಶುರು ಮಾಡಿದ್ರು, ಎಥನಾಲ್ ವಾಶ್ ಮುಗೀತಾ ಬಂದಾಗ ಫಿಲ್ಟ್ರೇಟ್‌ನ ಒಂದೆರಡು ಹನಿ ಅದಕ್ಕೆ ಬಿಡ್ತಾರೆ. ನೀರು ಮಬ್ಬಾದ್ರೆ ಇನ್ನೊಂದು ವಾಶ್, ತಿಳಿಯಾಗೇ ಇದ್ರೆ ಮಾತ್ರ ನೀರಿನ ವಾಲ್ವ್ ತೆಗೀತಾರೆ. ಎಸ್‌ಒಪಿಯ ‘ಕೇಕ್ ವಾಶ್ ಮಾಡಿ’ ಕೆಳಗೆ ಈಗ ಈ ಬೀಕರ್ ಟೆಸ್ಟ್ ಇದೆ, ಆ ನಾಲ್ಕು ಸಾಲು ಅವರು ಹೇಳಿದ ಹಾಗೇ ಬರೆದಿದ್ದೀನಿ.