ಅನ್ಯಗ್ರಹದವರೇ ಇಲ್ಲದ ಒಂದು ವೈಜ್ಞಾನಿಕ ಕಾದಂಬರಿ

‘ಡಾಕ್ಟರ್’ ಎಂಬ ಕಾಲಯಾನಿ ಮತ್ತವನ ಸಹಚರರ ಕಥೆಯಾದ ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯನ್ನು ಆಧರಿಸಿದ ಕಾದಂಬರಿಗಳ ದೊಡ್ಡ ರಾಶಿಯಲ್ಲಿ ಜಾನ್ ಲುಕರೊಟ್ಟಿಯವರ ‘ದಿ ಮ್ಯಾಸಕರ್’ (1987) ಬೇರೆಯಾಗಿಯೇ ನಿಲ್ಲುತ್ತದೆ. ಕಾಲಯಾನದ ಪೆಟ್ಟಿಗೆಯೊಂದನ್ನು ಬಿಟ್ಟರೆ ಅದರಲ್ಲಿ ಇರುವುದೆಲ್ಲ 1572ರ ಆಗಸ್ಟ್ ತಿಂಗಳ ಪ್ಯಾರಿಸ್. ಇದಕ್ಕೆ ಮೂಲವಾದ, 1966ರಲ್ಲಿ ಪ್ರಸಾರವಾದ ನಾಲ್ಕು ಕಂತುಗಳ ಚಿತ್ರಿಕೆ ಪೂರ್ತಿ ಕಳೆದುಹೋಗಿದ್ದು, ಧ್ವನಿಮುದ್ರಣ ಮಾತ್ರ ಉಳಿದಿದೆ. ಆಗ ಲುಕರೊಟ್ಟಿಯವರ ಚಿತ್ರಕಥೆಯನ್ನು ಸಂಪಾದಕ ಡೊನಾಲ್ಡ್ ಟೋಶ್ ಬಹುಮಟ್ಟಿಗೆ ತಿದ್ದಿ ಬರೆದಿದ್ದರು. ಕಾದಂಬರಿಯಲ್ಲಿ ಲೇಖಕರು ತಮ್ಮ ಮೂಲ ಕಲ್ಪನೆಗೇ ಮರಳಿದ್ದಾರೆ.

ಆಗಸ್ಟ್ 18ರಂದು ಪ್ರಾಟೆಸ್ಟೆಂಟನಾದ ನವಾರ್‌ನ ಹೆನ್ರಿಗೂ ಕ್ಯಾಥೊಲಿಕ್ ರಾಜ ಒಂಬತ್ತನೆಯ ಚಾರ್ಲ್ಸ್‌ನ ತಂಗಿ ಮಾರ್ಗರೆಟ್‌ಗೂ ಮದುವೆಯಾಯಿತು. ಎರಡು ಪಂಥಗಳನ್ನು ಒಂದುಗೂಡಿಸಬೇಕಾಗಿದ್ದ ಆ ಮದುವೆಯಲ್ಲಿ, ಪೂಜೆಯ ಹೊತ್ತಿಗೆ ವರನೇ ಚರ್ಚಿನ ಹೊರಗಿದ್ದ. ಮದುವೆಗೆಂದು ನಗರದಲ್ಲಿ ನೆರೆದಿದ್ದ ಹ್ಯೂಗನಾಟರ, ಅಂದರೆ ಫ್ರಾನ್ಸಿನ ಪ್ರಾಟೆಸ್ಟೆಂಟರ, ನಾಯಕ ಕೊಲಿನ್ಯಿಯ ಮೇಲೆ 22ರಂದು ಗುಂಡು ಹಾರಿತು. 24ರ ನಸುಕಿನಲ್ಲಿ, ಸಂತ ಬಾರ್ತಲೋಮಿಯೊನ ಹಬ್ಬದ ದಿನ, ಅವನ ಕೊಲೆಯೊಂದಿಗೆ ಹತ್ಯಾಕಾಂಡ ಶುರುವಾಯಿತು. ಅರಮನೆ ಆರಿಸಿದ್ದು ಕೆಲವು ನಾಯಕರನ್ನು. ಬೀದಿ ಯಾರನ್ನೂ ಬಿಡಲಿಲ್ಲ.

ಈ ಕಥೆಯ ನಿಜವಾದ ಬಲವಿರುವುದು ರಾಜಕಾರಣಿಗಳ ಒಳಸಂಚಿನಲ್ಲಲ್ಲ, ಆನ್ ಶಾಪ್ಲೆ ಎಂಬ ಕೆಲಸದ ಹುಡುಗಿಯಲ್ಲಿ. ಯಜಮಾನರ ಕಡೆಯವರ ಮಾತಿನ ನಡುವೆ ‘ವಾಸ್ಸಿ’ ಎಂಬ ಊರಿನ ಹೆಸರು ಕಿವಿಗೆ ಬಿದ್ದದ್ದೇ ತಡ, ಏನು ನಡೆಯಲಿದೆಯೆಂದು ಆಕೆಗೆ ಅರ್ಥವಾಗುತ್ತದೆ. 1562ರಲ್ಲಿ ಅಲ್ಲಿ ಪ್ರಾರ್ಥನೆಗೆ ಸೇರಿದ್ದ ಹ್ಯೂಗನಾಟರನ್ನು ಕ್ಯಾಥೊಲಿಕ್ ಮುಖಂಡ ಗೀಸ್ ಡ್ಯೂಕನ ಕಡೆಯವರು ಕೊಂದಿದ್ದರು, ಆಕೆಯ ತಂದೆ ಸತ್ತದ್ದೂ ಅಲ್ಲಿಯೇ. ಹಾಗೆ ನೋಡಿದರೆ, ಭವಿಷ್ಯದಿಂದ ಬಂದ ಪಯಣಿಗರಿಗಿಂತ ಮೊದಲು ಭವಿಷ್ಯವನ್ನು ಓದಿದವಳು ಅವಳೇ.

ಕಾದಂಬರಿಯಲ್ಲಿ ಡಾಕ್ಟರ್, ರೂಪದಲ್ಲಿ ತನ್ನನ್ನೇ ಹೋಲುವ ಆಂಬ್ವಾಸ್ ಮಠಾಧಿಪತಿಯ ವೇಷ ಹಾಕುತ್ತಾನೆ. ಓದಲು ಸೊಗಸಾಗಿದೆ, ನಿಜ. ಆದರೆ ಈ ವೇಷದಾಟ ನಗರವನ್ನು ಆವರಿಸುತ್ತಿರುವ ಭಯವನ್ನು ಆಗಾಗ ತೆಳುವಾಗಿಸುತ್ತದೆ ಎಂದು ನನಗನ್ನಿಸಿತು. ಡಾಕ್ಟರ್ ಬಹುಪಾಲು ಮರೆಯಲ್ಲೇ ಇದ್ದ ಕಿರುತೆರೆಯ ರೂಪ ಈ ವಿಷಯದಲ್ಲಿ ಹೆಚ್ಚು ನಿಷ್ಠುರ. ಅಲ್ಲಿ ತಾರೀಖು ತಿಳಿದೊಡನೆ ಅವನು ಆನ್‌ಳನ್ನು ಬೀದಿಗೆ ಕಳಿಸಿ ತಾನು ಹೊರಟುಬಿಡುತ್ತಾನೆ. ಸಹಚರ ಸ್ಟೀವನ್ ಅದಕ್ಕಾಗಿ ಅವನನ್ನು ಕ್ಷಮಿಸಲಾರ. ಇತಿಹಾಸವನ್ನು ಬದಲಿಸಬಾರದೆಂಬ ಡಾಕ್ಟರನ ನಿಯಮಕ್ಕಿಂತ ಸ್ಟೀವನ್‌ನ ಸಿಟ್ಟೇ ನನಗೆ ಸರಿಯೆನಿಸುತ್ತದೆ. ಆನ್ ಹೇಗೋ ಬದುಕುಳಿದಳೆಂದೇ ಇಟ್ಟುಕೊಂಡರೂ, ಹ್ಯೂಗನಾಟರಿಗೆ ನಾಂಟ್ ಶಾಸನದ ರಕ್ಷಣೆ ಸಿಕ್ಕಿದ್ದು 1598ರಲ್ಲಿ. ಅದನ್ನೂ 1685ರಲ್ಲಿ ಹದಿನಾಲ್ಕನೆಯ ಲೂಯಿ ರದ್ದುಮಾಡಿದ.