ಡಬ್ ಟೆಕ್ನೋ ಸಂಗ್ರಹ: 40ರಲ್ಲಿ 23 ಮುಗಿದವು

ಒಂದನೇ ವಾರ: ಫೋಲ್ಡರ್ ಜೋಡಣೆ

ಡಬ್ ಟೆಕ್ನೋ (ಟೆಕ್ನೋ ಲಯಕ್ಕೆ ಜಮೈಕಾದ ಡಬ್ ಸಂಗೀತದ ಪ್ರತಿಧ್ವನಿ ಬೆರೆತ ಎಲೆಕ್ಟ್ರಾನಿಕ್ ಸಂಗೀತ) ಹೊಸದಾಗಿ ಕೇಳುವವರ ಕೈಗೆ ಧೈರ್ಯವಾಗಿ ಕೊಡಬಹುದಾದ 40 ರೆಕಾರ್ಡ್ ಆರಿಸುವುದು, ವಿನೈಲ್‌ನಲ್ಲಿ ಮಾತ್ರ ಇರುವುದನ್ನು ಫೈಲ್ ಮಾಡುವುದು, ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ಲೆಕ್ಕ) ಗುರುತು ಹಾಕಿಡುವುದು: ಕೆಲಸ ಇಷ್ಟು. ಕಲಾವಿದರ ಹೆಸರಿನ ಪ್ರಕಾರ ಜೋಡಿಸಿದ್ದು ಮೊದಲನೇ ಎಡವಟ್ಟು. ಸೈರಸ್, ಕ್ವಾಡ್ರಂಟ್, ಮೌರಿಟ್ಸಿಯೊ ಅಂತ ಮೂರು ಫೋಲ್ಡರ್ ಆಯಿತು. ಮೂರರ ಹಿಂದೆಯೂ ಇರುವವರು ಮೋರಿಟ್ಸ್ ಫಾನ್ ಓಸ್ವಾಲ್ಡ್ ಮತ್ತು ಮಾರ್ಕ್ ಎರ್ನೆಸ್ಟುಸ್, ಅದೇ ಇಬ್ಬರು. ಇವರ ಬೇಸಿಕ್ ಚಾನೆಲ್ 1993ರಲ್ಲಿ ಬರ್ಲಿನ್‌ನಲ್ಲಿ ಶುರುವಾಯಿತು. ಹೆಸರು, ಮುಖ ಯಾವುದನ್ನೂ ಮುಂದೆ ಮಾಡದ ಲೇಬಲ್ ಇದು. ಹಾಗಾಗಿ ಈಗ ಎಲ್ಲವೂ ಲೇಬಲ್, ಆಮೇಲೆ ಕ್ಯಾಟಲಾಗ್ ನಂಬರ್, ಆಮೇಲೆ ಹೆಸರು ಎಂಬ ಕ್ರಮದಲ್ಲಿವೆ. ಈ ಸಂಗೀತದಲ್ಲಿ ಒಂದು ರೆಕಾರ್ಡ್ ಹಿಡಿಸಿದರೆ ಅದೇ ಲೇಬಲ್‌ನ ಮುಂದಿನ ನಂಬರ್ ಕೇಳಿ. ಹೆಸರಿನ ಬೆನ್ನು ಹತ್ತಿದರೆ ಅರ್ಧ ದಾರಿಯಲ್ಲೇ ಕೈಬಿಟ್ಟು ಹೋಗುತ್ತದೆ.

ಬೇರು ಟೆಕ್ನೋ ಹುಟ್ಟಿದ ಅಮೆರಿಕದ ಡೆಟ್ರಾಯ್ಟ್‌ನಲ್ಲಿದೆ ಎಂಬುದಕ್ಕೆ ರೆಕಾರ್ಡುಗಳೇ ಸಾಕ್ಷಿ. ಮೌರಿಟ್ಸಿಯೊ ಸರಣಿಯ 'ಪ್ಲಾಯ್'ಗೆ (1992) ಆ ಊರಿನ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ತಂಡದ ಮಿಕ್ಸ್ ಇದೆ, 'ಡೊಮಿನಾ'ಗೆ ಅದೇ ಊರಿನ ಕಾರ್ಲ್ ಕ್ರೇಗ್ ಮಿಕ್ಸ್ ಇದೆ. ಎರಡನ್ನೂ ಮೂಲದ ಪಕ್ಕದಲ್ಲಿಟ್ಟು ಕೇಳಿದರೆ ಎರಡು ಊರುಗಳ ನಡುವಿನ ಕೊಡುಕೊಳೆ ತಾನಾಗಿ ಗೊತ್ತಾಗುತ್ತದೆ.

ಮೂರನೇ ವಾರ: ಯಾವುದು ಮೊದಲು

ಬಾಗಿಲು ತೆರೆಯಲು 'ಕ್ವಾಡ್ರಂಟ್ ಡಬ್'. ವಿನೈಲ್‌ನಲ್ಲಿ ಒಂದು ಬದಿಗೆ ಒಂದೇ ಟ್ರ್ಯಾಕ್. ಮೊದಲ ಸಲ ಕೇಳುವಾಗ ಕಿಕ್ (ಪ್ರತಿ ಬೀಟಿಗೂ ಬಡಿಯುವ ದಪ್ಪ ಡ್ರಮ್) ಬಿಟ್ಟುಬಿಡಿ, ಕಾರ್ಡ್ (ಒಟ್ಟಿಗೆ ನುಡಿಯುವ ಕೆಲವು ಸ್ವರಗಳು) ಒಂದನ್ನೇ ಹಿಡಿದು ಕೂರಿ. ಒಂದೇ ಕಾರ್ಡ್ ಬಡಿಯುತ್ತದೆ, ಅದರ ಪ್ರತಿಧ್ವನಿ ಫಿಲ್ಟರ್ ಮೂಲಕ ಹಾದು ಪ್ರತಿ ಸುತ್ತಿಗೂ ಸ್ವಲ್ಪ ಮಬ್ಬಾಗುತ್ತದೆ. ರಾಗ ಬದಲಾಗುವುದಿಲ್ಲ, ಬಣ್ಣ ಬದಲಾಗುತ್ತದೆ. ತಂಬೂರಿಯ ಮೀಟನ್ನು ಗಮನವಿಟ್ಟು ಕೇಳಿ ಅಭ್ಯಾಸ ಇರುವವರಿಗೆ ಇದು ಬೇಗ ಹತ್ತಿರವಾಗುತ್ತದೆ.

ಆಮೇಲೆ ಚೈನ್ ರಿಯಾಕ್ಷನ್. 1995ರಲ್ಲಿ ಬೇರೆಯವರ ಸಂಗೀತಕ್ಕಾಗಿ ಓಸ್ವಾಲ್ಡ್, ಎರ್ನೆಸ್ಟುಸ್ ಇಬ್ಬರೇ ತೆರೆದ ಲೇಬಲ್. ಪೋರ್ಟರ್ ರಿಕ್ಸ್ ಜೋಡಿಯ (ಥಾಮಸ್ ಕೋನರ್, ಆಂಡಿ ಮೆಲ್ವಿಗ್) 'ಬಯೋಕೈನೆಟಿಕ್ಸ್' (1996) ಪಟ್ಟಿಯಲ್ಲಿ ಯಾವತ್ತೂ ಕದಲದ ರೆಕಾರ್ಡ್: ನೀರಿನಡಿಯಲ್ಲಿ ಯಂತ್ರ ಓಡುತ್ತಿರುವ ಹಾಗಿನ ಭಾರ. ಮೊನೊಲೇಕ್‌ನ 'ಹಾಂಗ್‌ಕಾಂಗ್' (1997) ಅದಕ್ಕಿಂತ ಹಗುರ, ಆ ಊರಿನ ಬೀದಿ ಸದ್ದುಗಳು ಒಳಗೆ ಸೇರಿವೆ. ಮೊನೊಲೇಕ್‌ನಲ್ಲಿದ್ದ ಗೆರ್ಹಾರ್ಡ್ ಬೇಲೆಸ್ ಮುಂದೆ ಏಬಲ್ಟನ್ ಕಂಪನಿ ಕಟ್ಟಿದವರಲ್ಲಿ ಒಬ್ಬರು. ಇಂದು ಆ ಕಂಪನಿಯ ಲೈವ್ ಎಂಬ ಸಂಗೀತ ಕಟ್ಟುವ ತಂತ್ರಾಂಶದಲ್ಲಿ ಕೆಲಸ ಮಾಡುವ ಎಲ್ಲರಿಗೂ ಈ ರೆಕಾರ್ಡಿನ ನಂಟಿದೆ. ವ್ಲಾಡಿಸ್ಲಾವ್ ಡಿಲೇಯ 'ಮುಲ್ಟಿಲಾ' (2000) ಚೆನ್ನಾಗಿದೆ, ಆದರೆ ಕಿಕ್ ಹುಡುಕುವವರಿಗೆ ಮೊದಲೇ ಕೊಡಬೇಡಿ. ಅನ್ಯಾಯವಾಗಿ ಹಿಂದೆ ಉಳಿದದ್ದು ಗ್ರೀಸ್‌ನ ಫ್ಲಕ್ಷನ್ ಮಾಡಿದ 'ವೈಬ್ರಂಟ್ ಫಾರ್ಮ್ಸ್' (1999). ಅದರ ಬಾಸ್ ಗಮನಿಸಿ: ಕಾರ್ಡ್ ಹಿಂದೆ ಸರಿದಷ್ಟೂ ಬಾಸ್ ಹಾಡುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಚೈನ್ ರಿಯಾಕ್ಷನ್ ಸಿಡಿಗಳು ತಗಡಿನ ಡಬ್ಬಿಯಲ್ಲಿ ಬಂದವು. ನಡುವಿನ ಹಿಡಿ ಬಿಗಿ, ಎಳೆದು ತೆಗೆದಾಗ ಸಿಡಿಯ ಒಳ ರಂಧ್ರದಿಂದ ಬಿರುಕು ಹೊರಡುತ್ತದೆ. ಡಬ್ಬಿಯ ಫೋಟೋ ನೋಡಿ ದುಡ್ಡು ಕೊಡಬೇಡಿ, ರಂಧ್ರದ ಸುತ್ತಲಿನ ಫೋಟೋ ಕೇಳಿ.

ಆರನೇ ವಾರ: ಬಿಪಿಎಂ ತಕರಾರು

125 ಬಿಪಿಎಂ ಟ್ರ್ಯಾಕ್‌ಗೆ ತಂತ್ರಾಂಶ 166.7 ಅಥವಾ 83.3 ಎಂದು ತೋರಿಸುತ್ತಿತ್ತು. ಕಾರಣ ಡಿಲೇ, ಅಂದರೆ ಸದ್ದನ್ನು ತಡವಾಗಿ ಮರುನುಡಿಸುವ ಪ್ರತಿಧ್ವನಿ. 125ರಲ್ಲಿ ಒಂದು ಬೀಟ್ 480 ಮಿಲಿಸೆಕೆಂಡ್. ಈ ಶೈಲಿಯಲ್ಲಿ ಪ್ರತಿಧ್ವನಿಯನ್ನು ಮುಕ್ಕಾಲು ಬೀಟಿಗೆ, ಅಂದರೆ 360 ಮಿಲಿಸೆಕೆಂಡಿಗೆ ಇಡುವುದು ರೂಢಿ. ಕಿಕ್ ಮೆತ್ತಗಿದ್ದು ಕಾರ್ಡ್ ಜೋರಾಗಿದ್ದರೆ ತಂತ್ರಾಂಶ ಪ್ರತಿಧ್ವನಿಯನ್ನೇ ಬೀಟ್ ಎಂದು ಎಣಿಸುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಚತುರಶ್ರ ನಡೆಯ ಮೇಲೆ ಮೂರು ಮೂರು ಕಟ್ಟಿದಂತೆ: ಪ್ರತಿಧ್ವನಿ ಮೂರು ಬೀಟಿಗೊಮ್ಮೆ ಕಿಕ್ಕಿನೊಂದಿಗೆ ಅದೇ ಜಾಗಕ್ಕೆ ಮರಳುತ್ತದೆ, ಮೂರು ಬಾರ್ (ನಾಲ್ಕು ಬೀಟಿನ ಆವರ್ತ) ಆದ ಮೇಲೆ ಬಾರ್‌ನ ಅದೇ ಜಾಗಕ್ಕೆ. ಹಾಡು ನಿಂತಲ್ಲೇ ನಿಂತಂತಿದ್ದರೂ ಬೇಸರವಾಗದಿರುವ ಗುಟ್ಟೂ ಇದೇ.

ಪರಿಹಾರ: ಕಿಕ್ ಒಂದೇ ಕೇಳುವ ಜಾಗ ಹುಡುಕಿ 32 ಬೀಟ್ ಕೈಯಲ್ಲಿ ತಟ್ಟಿ. 125ರಲ್ಲಿ ಅದಕ್ಕೆ 15.36 ಸೆಕೆಂಡ್ ಹಿಡಿಯಬೇಕು. ವಿನೈಲ್‌ನಿಂದ ಮಾಡಿದ ಫೈಲ್ ಆದರೆ ಟ್ರ್ಯಾಕಿನ ಕೊನೆಯಲ್ಲೂ ಗ್ರಿಡ್ (ತಂತ್ರಾಂಶ ಹಾಕಿದ ಬೀಟ್ ಗೆರೆಗಳು) ನೋಡಿ. ಟರ್ನ್‌ಟೇಬಲ್ ಶೇ. 0.2 ವೇಗವಾಗಿ ತಿರುಗಿದರೂ ಆರು ನಿಮಿಷಕ್ಕೆ 0.72 ಸೆಕೆಂಡ್, ಅಂದರೆ ಒಂದೂವರೆ ಬೀಟ್ ಜಾರುತ್ತದೆ.

ಎಂಟನೇ ವಾರ: ಸುಂಯ್ ಸದ್ದು

ವಿನೈಲನ್ನು ಫೈಲ್ ಮಾಡುವಾಗ ಅತಿ ಹೆಚ್ಚು ಹಾಳಾಗುವುದು ಇಲ್ಲೇ. ರೆಕಾರ್ಡಿಂಗ್ 24 ಬಿಟ್, ಶಿಖರ ಮೈನಸ್ 6 ಡೆಸಿಬೆಲ್ ಮೀರದಂತೆ. ಚಟ್ ಎನ್ನುವ ಧೂಳಿನ ಸದ್ದನ್ನು ಒಂದೊಂದಾಗಿ ಕೈಯಲ್ಲೇ ತೆಗೆಯಿರಿ. ನಾಯ್ಸ್ ರಿಡಕ್ಷನ್ (ಹಿನ್ನೆಲೆ ಸದ್ದು ಅಳಿಸುವ ಸೌಲಭ್ಯ) ಮಾತ್ರ ಬೇಡವೇ ಬೇಡ. ಈ ಸಂಗೀತದಲ್ಲಿ ಸುಂಯ್‌ಗುಡುವಿಕೆ ಕೊಳೆಯಲ್ಲ, ವಾದ್ಯ. ಪ್ರತಿಧ್ವನಿಯ ಬಾಲವೂ ಅದೂ ಒಂದರೊಳಗೊಂದು ಕರಗಿವೆ. ನಂಬಿಕೆ ಬರದಿದ್ದರೆ ತಂತ್ರಾಂಶ ತೆಗೆದುಹಾಕಿದ ಭಾಗವನ್ನಷ್ಟೇ ಕೇಳಿ. ಅದರಲ್ಲಿ ಲಯ ಕೇಳಿಸಿದರೆ ಕತ್ತರಿಸಿದ್ದು ಸಂಗೀತವನ್ನೇ. 128 ಕೆಬಿಪಿಎಸ್ ಎಂಪಿ3ಯಲ್ಲೂ ಇದೇ ಗತಿ, ಬಾಲಗಳು ಗುಳುಗುಳು ಎನ್ನುತ್ತವೆ. ಸದ್ದು ಕಳೆಯದ ವೇವ್ ಅಥವಾ ಫ್ಲ್ಯಾಕ್ ಫೈಲ್ ಇಟ್ಟುಕೊಳ್ಳಿ.

ಈಗಿನ ಸ್ಥಿತಿ

ಬೇಸಿಕ್ ಚಾನೆಲ್, ಮೌರಿಟ್ಸಿಯೊ, ಚೈನ್ ರಿಯಾಕ್ಷನ್ ಸೇರಿ 19. ಮುಂದಿನ ಪೀಳಿಗೆಯಿಂದ ಸದ್ಯಕ್ಕೆ ನಾಲ್ಕು. ಅದರಲ್ಲಿ ಮ್ಯಾಂಚೆಸ್ಟರ್‌ನ ಮಾಡರ್ನ್ ಲವ್ ಲೇಬಲ್ ತಂದ ಎಕೋಸ್ಪೇಸ್‌ನ 'ದಿ ಕೋಲ್ಡೆಸ್ಟ್ ಸೀಸನ್' (2007) ಎಲ್ಲಕ್ಕಿಂತ ಗಟ್ಟಿ. ಈ ಕಾಲದ್ದು ಬೇಕಾದಷ್ಟು ಸಿಗುತ್ತದೆ, ಬಹುಪಾಲು ಕಾರ್ಡ್ ಮತ್ತು ಮಂಜು ಮಾತ್ರ. ಆರಿಸಲು ಬಳಸುತ್ತಿರುವ ಅಳತೆ ಸರಳ: 200 ಹರ್ಟ್ಸ್‌ಗಿಂತ ಮೇಲಿನದನ್ನೆಲ್ಲ ಕತ್ತರಿಸಿ ಕೇಳುವುದು. ಉಳಿದ ಬಾಸ್ ಎರಡು ನಿಮಿಷ ಕೂರಿಸಿಕೊಂಡರೆ ರೆಕಾರ್ಡ್ ಒಳಗೆ. ಕೋಪನ್‌ಹೇಗನ್‌ನ ಎಕೋಕಾರ್ಡ್ ಲೇಬಲ್‌ನ ಹನ್ನೆರಡು ರೆಕಾರ್ಡ್ ಈ ವಾರ ಅದೇ ಪರೀಕ್ಷೆಗೆ ಸಾಲಿನಲ್ಲಿವೆ.